ತಿಕೋಟಾದ ಪಡಸಾಲೆಗೆ ಹೇಳಿದ ಗಣಿತ

ನನ್ನ ಪಾಠದ ಅರ್ಧ ನಡೆಯುತ್ತಿದ್ದದ್ದು ಮೆಟ್ಟಿಲ ಮೇಲೆ. ಅದು ನನಗೆ ಗೊತ್ತಾದದ್ದು ಮೆಟ್ಟಿಲು ಖಾಲಿಯಾದ ಮೇಲೆ.

ವಿಜಯಪುರದಲ್ಲಿ ಗೋಳಗುಮ್ಮಟದ ಹಿಂದಿನ ಓಣಿಯೊಂದರಲ್ಲಿ ನಮ್ಮ ಮನೆ. ಮಾಳಿಗೆ ಮೇಲಿನ ಕೋಣೆಯಲ್ಲಿ ಬಿ.ಎಸ್ಸಿ. ಓದುವ ಹುಡುಗ ಹುಡುಗಿಯರಿಗೆ ಗಣಿತ ಹೇಳಿಕೊಡುತ್ತೇನೆ. ಒಂದು ಕರಿಹಲಗೆ, ಎರಡು ಜಮಖಾನೆ, ತಿರುಗುವುದಕ್ಕಿಂತ ಸದ್ದು ಮಾಡುವುದೇ ಹೆಚ್ಚಾದ ಒಂದು ಫ್ಯಾನು. ತಿಕೋಟಾ, ಬಬಲೇಶ್ವರ, ಅರಕೇರಿ ಕಡೆಯಿಂದ ಬಸ್ಸು ಹಿಡಿದು ಬರುವ ಮಕ್ಕಳೇ ಜಾಸ್ತಿ. ಹಲಗೆ ತುಂಬ ಲೆಕ್ಕ ಬಿಡಿಸಿ, ಕೈ ಜಾಡಿಸಿಕೊಂಡು "ತಿಳೀತೇನು?" ಎಂದು ಕೇಳಿದರೆ ಇಡೀ ಕೋಣೆ ಒಂದೇ ದನಿಯಲ್ಲಿ "ತಿಳೀತ್ರಿ" ಎನ್ನುತ್ತಿತ್ತು. ನಮ್ಮ ಕಡೆ ಕಲಿಸುವವರ ಮುಖಕ್ಕೆ "ತಿಳಿಯಲಿಲ್ಲ" ಎನ್ನುವುದೆಂದರೆ, ಊಟಕ್ಕೆ ಕರೆದವರ ಮನೆಯಲ್ಲಿ ಕೂತು ಸಾರಿಗೆ ಉಪ್ಪಿಲ್ಲ ಎಂದ ಹಾಗೆ. ಯಾರೂ ಅನ್ನುವುದಿಲ್ಲ.

ಆದರೆ ಪಾಠ ಮುಗಿದು ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುವಾಗ ಒಬ್ಬೊಬ್ಬರ ಬಾಯಿ ಬಿಚ್ಚುತ್ತಿತ್ತು. ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ಕಾಲು ಗಾಳಿಯಲ್ಲಿ, "ಮೇಡಂರಿ, ಒಂದ ಕೇಳೂದಿತ್ರಿ" ಎಂದು ಶುರುವಾಗುತ್ತಿತ್ತು. ಅಲ್ಲಿ ಕೇಳಿದರೆ ಅದು ಪ್ರಶ್ನೆಯಲ್ಲ, ಹೋಗುವ ದಾರಿಯಲ್ಲಿ ಆಡಿದ ಮಾತು. ಯಾರ ಮರ್ಯಾದೆಯೂ ಹೋಗುವುದಿಲ್ಲ. ನಿಮ್ಮ ಸಂಶಯಗಳೆಲ್ಲ ಚಪ್ಪಲಿಯೊಳಗೇ ಇರುತ್ತವೇನೋ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಬಸ್ಸು ತಪ್ಪುತ್ತದೆ ನಡೀರಿ ಎಂದು ಗದರುತ್ತಲೇ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಮೆಟ್ಟಿಲ ಪ್ರಶ್ನೆಗಳು ನನಗೆ ಕಿರಿಕಿರಿಯೇ ಆಗಿದ್ದವು. ಕೂತಾಗ ಬಾಯಿಗೆ ಬೀಗ, ನಿಂತಾಗ ಬುದ್ಧಿ, ಇದ್ಯಾವ ಪದ್ಧತಿ ಎಂದುಕೊಳ್ಳುತ್ತಿದ್ದೆ.

ಆ ವರ್ಷದ ಕೊನೆಯ ಸೆಮಿಸ್ಟರಿಗೆ ತಿಕೋಟಾದ ಒಬ್ಬ ಹುಡುಗಿ ಬಂದು ಸೇರಿದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳನ್ನು ಕರೆದುಕೊಂಡು ಬಂದವರು ತಾಯಿಯಲ್ಲ, ಅತ್ತೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ಹೆಂಗಸು. ಓದುವ ಆಸೆ ಒಳಗೇ ಉಳಿದಿತ್ತು, ಅದನ್ನೆಲ್ಲ ಈಗ ಸೊಸೆಯ ಮೇಲೆ ಹಾಕಿದ್ದರು. ಜಮಖಾನೆಯ ಅಂಚಿನಲ್ಲಿ ಕೂತು ನೇರವಾಗಿ ವಿಷಯಕ್ಕೆ ಬಂದರು. ಸೊಸೆಗೆ ಬಿ.ಎಡ್. ಮಾಡಿಸಿ ಸಾಲಿ ಟೀಚರ್ ಮಾಡಬೇಕು. ಅದಕ್ಕೆ ಮನೆಯ ಹಿರಿಯರು, ಅಂದರೆ ಹುಡುಗಿಯ ಮಾವ, ಒಪ್ಪಿದ್ದಾರೆ, ಆದರೆ ಒಂದು ಷರತ್ತಿನ ಮೇಲೆ. ಡಿಗ್ರಿ ಒಂದೇ ಸಲಕ್ಕೆ ಪಾಸಾಗಬೇಕು. ಒಂದು ವಿಷಯ ಹೋದರೂ ಓದು ಅಲ್ಲಿಗೆ ಮುಗಿಯಿತು, ಮತ್ತೆ ಕೂಡಿಸುವ ಮಾತಿಲ್ಲ. ಹುಡುಗಿ ಉಳಿದ ವಿಷಯಗಳಲ್ಲಿ ಗಟ್ಟಿ, ಗಣಿತದಲ್ಲಿ ಮೆತ್ತಗೆ. "ನಿಮ್ಮ ಉಡ್ಯಾಗ ಹಾಕೇನಿ ನೋಡ್ರಿ ಅಕ್ಕೋರ," ಎಂದು ಹೇಳಿ ಎದ್ದರು.

ಹುಡುಗಿ ಮಾತು ಕಡಿಮೆ. ಆದರೆ ಮೆಟ್ಟಿಲ ಮೇಲೆ ಕೊನೆಗೆ ಉಳಿಯುತ್ತಿದ್ದವಳು ಅವಳೇ. ಕೇಳಿದ್ದನ್ನು ಹೇಳಿಕೊಟ್ಟರೆ ಸಾಲದು, ಅದರ ಬುಡ ಹಿಡಿದು ಅಲ್ಲಾಡಿಸುವ ಸ್ವಭಾವ. ಹೀಗೆ ಮಾಡಬೇಕು ಎಂದರೆ, ಯಾಕೆ ಹೀಗೇ ಮಾಡಬೇಕು ಎನ್ನುತ್ತಿದ್ದಳು. ಗಣಿತದಲ್ಲಿ ಮೆತ್ತಗಿರುವವರು ಬಹಳ ಸಲ ಇಂಥವರೇ. ಕಾರಣ ಗೊತ್ತಾಗದೆ ಕೈ ಮುಂದೆ ಹೋಗುವುದಿಲ್ಲ. ಇವಳನ್ನು ದಡ ಮುಟ್ಟಿಸಬಹುದು ಎಂಬ ಧೈರ್ಯ ನನಗೆ ಬಂದಿತ್ತು.

ಅಷ್ಟರಲ್ಲಿ ಕೊರೊನಾ ಬಂದು ಎಲ್ಲವೂ ಮುಚ್ಚಿತು. ಕಾಲೇಜು, ಬಸ್ಸು, ನನ್ನ ಕೋಣೆ. ಗುಮ್ಮಟದ ಮುಂದಿನ ಟಾಂಗಾಗಳು, ಕಬ್ಬಿನ ಹಾಲಿನ ಗಾಡಿಗಳು ಎಲ್ಲಿ ಹೋದವೋ. ಮೊದಲ ಕೆಲವು ದಿನ ರಜೆ ಸಿಕ್ಕಿತೆಂದು ಹುಡುಗರು ಖುಷಿಯಾಗಿದ್ದರು. ಆಮೇಲೆ ಪರೀಕ್ಷೆ ಮುಂದೆ ಹೋಗಬಹುದು, ರದ್ದಾಗುವುದಿಲ್ಲ ಎಂಬ ಸುದ್ದಿ ಬಂತು. ಒಬ್ಬೊಬ್ಬರ ಫೋನು ಶುರುವಾಯಿತು.

ನಾನು ಮೊದಲು ಮಾಡಿದ್ದು ವಿಡಿಯೋ. ಸ್ಟೂಲಿನ ಮೇಲೆ ಉಪ್ಪಿನಕಾಯಿ ಭರಣಿ, ಭರಣಿಗೆ ಒರಗಿಸಿದ ಫೋನು, ಎದುರಿಗೆ ಹಲಗೆ. ಸೀರೆ ಸೆರಗು ಸರಿ ಮಾಡಿಕೊಂಡು ಸಿನಿಮಾದವರ ಹಾಗೆ ನಿಂತು ಪಾಠ ಹೇಳಿದೆ. ವಿಡಿಯೋ ಚೆನ್ನಾಗಿಯೇ ಬಂತು, ಆದರೆ ಯಾರ ಫೋನಿನಲ್ಲೂ ಇಳಿಯಲಿಲ್ಲ. ತಿಕೋಟಾದಲ್ಲಿ ಚಕ್ರ ತಿರುಗುತ್ತಲೇ ಇತ್ತಂತೆ. ಬಬಲೇಶ್ವರದ ಹುಡುಗನೊಬ್ಬ, ನಮ್ಮ ಗುಂಪಿನ ಬಾಯಿಬಡುಕ, ಮಾಳಿಗೆ ಹತ್ತಿ ಕೂತು ಇಡೀ ಮಧ್ಯಾಹ್ನ ಕಾದು ಇಳಿಸಿಕೊಂಡ. ನೋಡಿದ ಮೇಲೆ ಅವನು ಹೇಳಿದ್ದು, ಹಲಗೆಯ ಮೇಲೆ ಕಿಟಕಿಯ ಬೆಳಕು ಬಿದ್ದು ನನ್ನ ಕೈ ಮಾತ್ರ ಕಾಣಿಸುತ್ತದೆ, ಲೆಕ್ಕ ಕಾಣಿಸುವುದಿಲ್ಲ ಎಂದು.

ಆಮೇಲೆ ಎಲ್ಲರೂ ಒಟ್ಟಿಗೆ ಕಾಣಿಸುವ ಆ್ಯಪು. ಕಾಣಿಸಿದರು, ಆದರೆ ಫೋಟೋ ಫ್ರೇಮಿನಲ್ಲಿ ಕೂತವರ ಹಾಗೆ. ಬಾಯಿ ತೆರೆದವರು ತೆರೆದಂತೆಯೇ, ಕಣ್ಣು ಮುಚ್ಚಿದವರು ಮುಚ್ಚಿದಂತೆಯೇ. ಅರ್ಧ ತಾಸು ಪಾಠ ಹೇಳಿದ ಮೇಲೆ ನೋಡಿದರೆ ಅರಕೇರಿಯ ಇಬ್ಬರು ಯಾವಾಗಲೋ ಬಿಟ್ಟುಹೋಗಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಸಿಟ್ಟಿನಿಂದ ಫೋನು ಮುಚ್ಚಿಟ್ಟೆ.

ಕಡೆಗೆ ಉಳಿದದ್ದು ಸಾದಾ ಫೋನು. ಐದಾರು ಜನರನ್ನು ಒಂದೇ ಕರೆಗೆ ಸೇರಿಸಿ ಮಾತಾಡಬಹುದು. ದನಿ ಮಾತ್ರ ಎಲ್ಲ ಊರಿಗೂ ತಪ್ಪದೆ ಹೋಗುತ್ತಿತ್ತು. ಹುಡುಗರನ್ನು ಸಣ್ಣ ಗುಂಪು ಮಾಡಿದೆ. ಗಣಿತವನ್ನು ಕಿವಿಗೆ ಹೇಳುವುದು ಹೇಗೆ ಎಂದು ನಾನೇ ಕಲಿಯಬೇಕಾಯಿತು. ಹಲಗೆಯ ಮೇಲೆ ಒಂದು ಗೆರೆ ಎಳೆದರೆ ಮುಗಿಯುವ ಕೆಲಸಕ್ಕೆ ಬಾಯಿಂದ ನಾಲ್ಕು ಮಾತು ಬೇಕು. "ಗೆರಿ ಎಳೀರಿ. ಮ್ಯಾಲ ಬರೀರಿ. ಕೆಳಗ ಕಂಸ ತಗೀರಿ, ಎಸ್ ಮೈನಸ್ ಒಂದು, ಕಂಸ ಮುಚ್ಚರಿ." ನಾನು ಹೇಳಿದ್ದನ್ನು ಒಬ್ಬರು ತಿರುಗಿ ಓದಬೇಕು, ಉಳಿದವರು ತಮ್ಮ ಹಾಳೆ ನೋಡಿಕೊಳ್ಳಬೇಕು ಎಂದು ನೇಮ ಮಾಡಿದೆ. ಸಂತೆಯಲ್ಲಿ ಹರಾಜಿನ ಸವಾಲು ಕೂಗಿದ ಹಾಗೆ ಇರುತ್ತಿತ್ತು ನಮ್ಮ ಪಾಠ. ಕಿವಿಗೆ ಹಗುರಾಗಲಿ ಎಂದು ಲೆಕ್ಕಗಳಲ್ಲಿ ಸಣ್ಣ ಅಂಕಿಗಳನ್ನೇ ಇಟ್ಟೆ. ಒಂದು, ಎರಡು, ಅಷ್ಟೇ. ಪದ್ಧತಿ ಕೂತರೆ ಸಾಕು, ಅಂಕಿ ಯಾವುದಾದರೇನು ಎಂಬುದು ನನ್ನ ಲೆಕ್ಕಾಚಾರ.

ಆಗ ನಡೆಯುತ್ತಿದ್ದದ್ದು ಲಾಪ್ಲಾಸ್ ಎಂಬ ಅಧ್ಯಾಯ. ಗಣಿತ ಬೇಡವೆನ್ನುವವರಿಗೆ ಇಷ್ಟು ತಿಳಿದರೆ ಸಾಕು: ಅದರಲ್ಲಿ ದೊಡ್ಡದೊಂದು ಭಿನ್ನರಾಶಿಯನ್ನು ಎರಡು ಸಣ್ಣ ಭಿನ್ನರಾಶಿಗಳಾಗಿ ಒಡೆಯಬೇಕು. ಒಂದರ ಮೇಲೆ ಎ, ಇನ್ನೊಂದರ ಮೇಲೆ ಬಿ ಎಂದು ಬರೆದುಕೊಂಡು, ಎಸ್ ಎಂಬ ಅಕ್ಷರದ ಜಾಗಕ್ಕೆ ಅಂಕಿ ಹಾಕಿ, ಆ ಎ ಎಷ್ಟು, ಬಿ ಎಷ್ಟು ಎಂದು ಕಂಡುಹಿಡಿಯಬೇಕು. ಅಲ್ಲಿಂದ ಮುಂದೆ ಕೋಷ್ಟಕ ನೋಡಿ ಉತ್ತರ ಬರೆಯುವುದು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಕೊಡುವ ಅಧ್ಯಾಯ, ಬಿಟ್ಟರೆ ಪಾಸಾಗುವುದು ಕಷ್ಟ.

ದನಿ ಮಾತ್ರ ಕೇಳಿಸುವ ಪಾಠದಲ್ಲಿ ಹುಡುಗರ ಮನೆಗಳೂ ಕೇಳಿಸುತ್ತವೆ. ಬಬಲೇಶ್ವರದವನ ಹಿಂದೆ ಸದಾ ಪಾರಿವಾಳ. ಅರಕೇರಿಯಲ್ಲಿ ಯಾರೋ ಎಮ್ಮೆಯನ್ನು ಬೈಯುತ್ತಿದ್ದರು. ತಿಕೋಟಾದ ಹುಡುಗಿಯ ಹಿಂದೆ ಮಾತ್ರ ಒಂದು ತೆರನ ನಿಶ್ಶಬ್ದವಿತ್ತು. ಯಾರೋ ಕೆಮ್ಮುತ್ತಿದ್ದರು, ಕುರ್ಚಿ ಸರಿಯುತ್ತಿತ್ತು. ಆ ಮನೆಯಲ್ಲಿ ನನ್ನ ಪಾಠ ಸ್ಪೀಕರಿನಲ್ಲಿ ನಡೆಯುತ್ತದೆ ಎಂದು ಗೊತ್ತಾದದ್ದು ಕೆಲವು ದಿನದ ಮೇಲೆ. ಫೋನು ಗಂಡನದು, ಅದನ್ನು ಪಡಸಾಲೆಯ ನಡುವೆ ಇಟ್ಟು, ಸೊಸೆ ಮುಂದೆ ಕೂತು ಬರೆದುಕೊಳ್ಳುತ್ತಿದ್ದಳು. ಮಾವ ಕುರ್ಚಿಯ ಮೇಲೆ, ಅತ್ತೆ ಬಾಗಿಲ ಬಳಿ. ಒಮ್ಮೊಮ್ಮೆ ಬಾಜೂ ಮನೆಯವರೂ ಬಂದು ಕೂಡುತ್ತಿದ್ದರಂತೆ. ಬೇಡ ಎನ್ನುವುದು ಹೇಗೆ? ಹೊಸ ಸೊಸೆ ಫೋನು ಹಿಡಿದುಕೊಂಡು ಮೂಲೆಯಲ್ಲಿ ಪಿಸುಗುಟ್ಟುತ್ತ ಕೂತರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ. ಎಲ್ಲರ ನಡುವೆ ಕೂತು ಕಲಿತರೆ ಅದು ಮನೆಗೇ ಒಂದು ಕಳೆ.

ಒಂದು ದಿನ ಪಾಠ ಮುಗಿದ ಮೇಲೆ ಅತ್ತೆಯಿಂದ ಫೋನು ಬಂತು. ದನಿ ತಗ್ಗಿಸಿ ಮಾತಾಡಿದರು. ಒಣದ್ರಾಕ್ಷಿಯ, ಅವರ ಮಾತಿನಲ್ಲಿ ಮಣೂಕದ, ಹಂಗಾಮು, ಶೆಡ್ಡಿನಲ್ಲಿ ತೊಟ್ಟು ಬಿಡಿಸಿ ಬಣ್ಣ ನೋಡಿ ಆರಿಸುವ ಕೆಲಸ ಬಿದ್ದಿದೆ. ಹೊರಗಿನ ಹೆಣ್ಣಾಳುಗಳು ಬರುವ ಹಾಗಿಲ್ಲ. ಮನೆಯವರೇ ಮಾಡಬೇಕು. ಸೊಸೆ ಫೋನಿನ ಮುಂದೆ ಕೂಡುವುದು ಹಿರಿಯರ ಕಣ್ಣು ಚುಚ್ಚುತ್ತಿದೆ.

"ಅಕ್ಕೋರ, ಆಕೀ ಬಗ್ಗೆ ಒಂದ ಚೊಲೋ ಮಾತ ಹೇಳ್ರಿ. ಪಾಠದಾಗ, ಅವರಿಗೆ ಕೇಳೂ ಹಂಗ. ನಾ ಹೇಳಿದ್ರ ಅವರ ಕಿವೀಗಿ ಹೋಗೂದಿಲ್ಲ, ನೀವು ಹೇಳಿದ್ರ ಹೋಗತೈತಿ."

ಇದರಲ್ಲಿ ತಪ್ಪೇನಿದೆ ಎನಿಸಿತು. ಮರುದಿನ ತಿಕೋಟಾದವಳು ಲೆಕ್ಕವೊಂದನ್ನು ತಿರುಗಿ ಓದಿದಾಗ ನಾನು ದನಿ ಎತ್ತಿ, ಎಲ್ಲರೂ ಕೇಳಿಸಿಕೊಳ್ಳಿ, ಹೀಗೆ ಓದಬೇಕು, ಇಡೀ ಗುಂಪಿನಲ್ಲಿ ಈ ಹುಡುಗಿಯೇ ಶಾಣ್ಯಾಕಿ ಎಂದೆ. ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು. ಬಬಲೇಶ್ವರದವನು ಹೊಟ್ಟೆಕಿಚ್ಚಿನಿಂದ ಕೆಮ್ಮಿದ.

ಮಾತು ಕೆಲಸ ಮಾಡಿತು. ಪಾಠದ ಹೊತ್ತಿಗೆ ಟಿ.ವಿ. ಬಂದ್ ಮಾಡಬೇಕೆಂದು ಮಾವನೇ ಅಪ್ಪಣೆ ಕೊಟ್ಟರಂತೆ. ಸೊಸೆ ಶೆಡ್ಡಿಗೆ ಹೋಗುವುದು ಪಾಠ ಆದ ಮೇಲೆಯೇ ಎಂದಾಯಿತು. ಅತ್ತೆ ಫೋನು ಮಾಡಿ, ನಿಮ್ಮ ಪುಣ್ಯ ಅಕ್ಕೋರ ಎಂದರು. ನನಗೂ ಹುರುಪು ಬಂತು. ಎರಡು ದಿನಕ್ಕೊಮ್ಮೆ ಒಂದು ಹೊಗಳಿಕೆ ಪಾಠದ ಜೊತೆ ಉಪ್ಪಿನಕಾಯಿಯ ಹಾಗೆ ಬಡಿಸುತ್ತ ಹೋದೆ. ನಾನು ಸ್ವಭಾವದಿಂದ ಬೈಯುವವಳು. ಹೊಗಳುವುದು ಗೊತ್ತಿಲ್ಲದವಳು ಹೊಗಳಲು ಹೊರಟರೆ ಅಳತೆ ತಪ್ಪುತ್ತದೆ.

ಮೆಟ್ಟಿಲಿನ ನೆನಪಾದದ್ದು ಆಗಲೇ. ಪಾಠ ಮುಗಿದು "ತಿಳೀತೇನು?" ಎಂದರೆ ಐದು ಊರಿನಿಂದ "ತಿಳೀತ್ರಿ" ಬರುತ್ತಿತ್ತು, ಕೂಡಲೇ ಟುಂಯ್ ಎಂದು ಲೈನು ಕಡಿದುಹೋಗುತ್ತಿತ್ತು. ಹೋಗುವ ದಾರಿಯೇ ಇಲ್ಲ. ಇಷ್ಟು ದಿನ ಯಾರೂ ಒಂದು ಪ್ರಶ್ನೆಯನ್ನೂ ಕೇಳಿಲ್ಲ ಎಂಬುದು ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಥಟ್ಟನೆ ಹೊಳೆದು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅಂದಿನಿಂದ ಪಾಠ ಮುಗಿಸಿದ ಮೇಲೆ ಫೋನು ಇಡಬೇಡಿ ಎಂದೆ. ನೀವೀಗ ಮೆಟ್ಟಿಲ ಮೇಲಿದ್ದೀರಿ, ಚಪ್ಪಲಿ ಹಾಕಿಕೊಳ್ಳಿ, ನಾನು ಸುಮ್ಮನೆ ನಿಂತಿರುತ್ತೇನೆ ಎಂದೆ. ಹುಡುಗರು ನಕ್ಕರು. ಮೊದಲ ದಿನ ಬರೀ ಉಸಿರಾಟ. ಆಮೇಲೆ ಬಬಲೇಶ್ವರದವನು "ಮೇಡಂರಿ, ಒಂದ ಕೇಳೂದಿತ್ರಿ" ಎಂದ. ನನಗೆ ಕಣ್ಣು ತುಂಬಿ ಬಂತು. ಆ ಹುಡುಗನ ಪ್ರಶ್ನೆಗೆ ಅಷ್ಟು ಬೆಲೆ ಯಾವತ್ತೂ ಇರಲಿಲ್ಲ. ಅವನ ಹಿಂದೆ ಅರಕೇರಿಯವರು ಕೇಳಿದರು. ಒಬ್ಬನಿಗೆ ಇಡೀ ಅಧ್ಯಾಯವೇ ತಲೆಕೆಳಗಾಗಿ ತಿಳಿದಿತ್ತು, ಅದನ್ನು ನೇರ ಮಾಡಿದೆ.

ತಿಕೋಟಾದವಳು ಕೇಳಲಿಲ್ಲ. ಹೆಸರು ಹಿಡಿದು ಕೇಳಿದರೆ, "ಏನೂ ಇಲ್ರಿ" ಎನ್ನುತ್ತಿದ್ದಳು. ಹಿಂದಿನಿಂದ ಅತ್ತೆಯ ದನಿ, "ಆಕೀಗಿ ಎಲ್ಲಾ ಬರತೈತ್ರಿ ಅಕ್ಕೋರ." ಮನೆಕೆಲಸಕ್ಕೆ ಕೊಟ್ಟ ಲೆಕ್ಕಗಳ ಫೋಟೋ ಕಳಿಸುತ್ತಿದ್ದಳು, ಎಲ್ಲ ಸರಿಯಾಗಿಯೇ ಇರುತ್ತಿದ್ದವು. ಅಕ್ಷರ ಮುತ್ತಿನಂತೆ. ನಾನು ಸರಿ ಗುರುತು ಹಾಕಿ ಮುಂದೆ ಹೋದೆ. ಮೆಟ್ಟಿಲ ಮೇಲೆ ಕೊನೆಗೆ ಉಳಿಯುತ್ತಿದ್ದ ಹುಡುಗಿ ಈಗ ಏನೂ ಕೇಳುವುದಿಲ್ಲ ಎಂದರೆ ಅದು ಒಳ್ಳೆಯ ಲಕ್ಷಣವೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಂಬಿದ್ದೆ ಎಂದು ಈಗ ಹೇಳಲಾರೆ.

ನಿರ್ಬಂಧ ಸಡಿಲಾಗಿ, ಪರೀಕ್ಷೆಯ ದಿನ ಗೊತ್ತಾಗಿ, ಬಸ್ಸುಗಳು ಒಂದೊಂದಾಗಿ ಓಡಲು ಶುರುವಾದವು. ಪರೀಕ್ಷೆಗೆ ಇನ್ನೂ ಕೆಲವು ವಾರವಿತ್ತು. ಒಂದು ಬೆಳಿಗ್ಗೆ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ತಿಕೋಟಾ ಬಸ್ಸು ಹತ್ತಿದೆ. ಯಾಕೆ ಅವಳೊಬ್ಬಳ ಮನೆಗೇ ಹೋದೆ ಎಂದರೆ, ಷರತ್ತು ಇದ್ದದ್ದು ಅವಳೊಬ್ಬಳಿಗೇ. ಉಳಿದವರು ಬಿದ್ದರೆ ಏಳುತ್ತಾರೆ.

ಮನೆಯವರು ಬೀಗರು ಬಂದಂತೆ ಉಪಚಾರ ಮಾಡಿದರು. ಅವಲಕ್ಕಿ, ಚಹಾ, ತಾಟಿನ ತುಂಬ ಅವರದೇ ಶೆಡ್ಡಿನ ಒಣದ್ರಾಕ್ಷಿ. ಮಾವ ಕಡಿಮೆ ಮಾತಿನ, ಮರ್ಯಾದೆಯ ಮನುಷ್ಯ. ಫೋನಿನಲ್ಲಿ ಕೇಳಿದ ದನಿಯನ್ನು ಕಣ್ಣಾರೆ ನೋಡಿದ ಸಂತೋಷ ಅವರಿಗೆ. ಸೊಸೆಯನ್ನು ಕರೆದು, ನೋಡವ್ವಾ, ನಿಮ್ಮ ಅಕ್ಕೋರಿಗೆ ಒಂದು ಲೆಕ್ಕ ಮಾಡಿ ತೋರಿಸು ಎಂದರು. ಅವಳು ಪಾಟಿಯಂಥ ಹಲಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ಹರವಿದಳು. ಎಲ್ಲರೂ ಸುತ್ತ ಕೂತರು.

ಎದುರಿಗೇ ಇದ್ದಾಳಲ್ಲ, ಕಿವಿಯ ಚಿಂತೆಯಿಲ್ಲ ಎಂದು ನಾನು ಹೊಸ ಲೆಕ್ಕ ಬರೆದೆ. ಕೆಳಗಿನ ಕಂಸಗಳಲ್ಲಿ ಒಂದು, ಎರಡರ ಬದಲು ಪ್ಲಸ್ ಮೂರು, ಮೈನಸ್ ನಾಲ್ಕು. ಅವಳು ಗೆರೆ ಎಳೆದಳು. ಒಡೆದು ಬರೆದಳು. ಎ ಬರೆದಳು, ಬಿ ಬರೆದಳು. ಅಲ್ಲಿ ಪೆನ್ನು ನಿಂತಿತು.

ನಾನು ಕಾದೆ. ಅವಳ ಹಣೆಯ ಮೇಲೆ ಬೆವರು ಕಂಡಿತು. ತಲೆ ಎತ್ತಲಿಲ್ಲ. ಏನಾಯಿತು ಎಂದು ಮೆಲ್ಲಗೆ ಕೇಳಿದೆ.

"ಪ್ಲಸ್ ಮೈನಸ್ ಗಡಿಬಿಡಿ ಆಗತೈತ್ರಿ," ಎಂದಳು.

ಮುಳುಗುವವರಿಗೆ ಹುಲ್ಲುಕಡ್ಡಿ ಸಿಕ್ಕಂತೆ ಅದನ್ನು ನಾನೂ ಹಿಡಿದುಕೊಂಡೆ. ಅಷ್ಟೇ ಏನು, ಚಿಹ್ನೆಯ ಗೊಂದಲ ಎಲ್ಲರಿಗೂ ಆಗುತ್ತದೆ ಎಂದು ಹೇಳಿ, ಪೆನ್ನು ಇಸಿದುಕೊಂಡು ಉಳಿದದ್ದನ್ನು ನಾನೇ ಸರಸರ ಮಾಡಿ ಮುಗಿಸಿದೆ. "ಹಿಂಗಲ್ಲ?" ಎಂದೆ. "ಹೂಂನ್ರಿ," ಎಂದಳು. ಆದರೆ ಆ ಪೆನ್ನು ಚಿಹ್ನೆಗಾಗಿ ನಿಂತದ್ದಲ್ಲ. ಇಷ್ಟು ವರ್ಷ ಕಲಿಸಿದವಳಿಗೆ ಗೊಂದಲದಿಂದ ನಿಂತ ಕೈ ಯಾವುದು, ದಾರಿಯೇ ಗೊತ್ತಿಲ್ಲದೆ ನಿಂತ ಕೈ ಯಾವುದು ಎಂದು ತಿಳಿಯುವುದಿಲ್ಲವೇ? ಎಲ್ಲೋ ಬುಡದಲ್ಲೇ ಗಂಟು ಬಿದ್ದಿತ್ತು. ಎಲ್ಲಿ ಎಂಬುದು ಮಾತ್ರ ಅವಳು ಬಾಯಿಬಿಟ್ಟು ಕೇಳಿದರೆ ಗೊತ್ತಾಗಬೇಕು. ಕೇಳುವ ಹಾಗೆ ಪಡಸಾಲೆ ಇರಲಿಲ್ಲ.

ಒಂದು ಉಪಾಯ ಹೊಳೆಯಿತು. ಮಾವನ ಕಡೆ ತಿರುಗಿ, ಪರೀಕ್ಷೆ ಮುಗಿಯುವವರೆಗೆ ಹುಡುಗಿಯನ್ನು ನಮ್ಮ ಮನೆಯಲ್ಲಿ ಬಿಡಿ, ಮಗಳ ಹಾಗೆ ಇಟ್ಟುಕೊಳ್ಳುತ್ತೇನೆ, ಎದುರಿಗೆ ಕೂಡಿಸಿಕೊಂಡು ಹೇಳುತ್ತೇನೆ ಎಂದೆ. ಅವರು ನಕ್ಕರು. ಸಿಟ್ಟಿನ ನಗೆಯಲ್ಲ, ಅಭಿಮಾನದ ನಗೆ.

"ಇಷ್ಟ ಶಾಣ್ಯಾಕಿ ಅದಾಳ ಅಂತ ನೀವ ಹೇಳೀರಿ. ಮತ್ತ್ಯಾಕ ತ್ರಾಸ ತಗೋತೀರಿ? ರೋಗ ಇನ್ನೂ ಹೋಗಿಲ್ಲ, ಸಿಟಿಗೆ ಕಳಸಾಕ ಮನಸಾಗೂದಿಲ್ರಿ. ಹೇಳ್ರಿ ಅಕ್ಕೋರ, ಪಾಸಾಗತಾಳಲ್ಲ?"

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹುಡುಗಿ ನೆಲ ನೋಡುತ್ತಿದ್ದಳು. ಇವಳಿಗೆ ಬರುವುದಿಲ್ಲ, ಅದಕ್ಕೇ ಕಳಿಸಿ ಎಂದಿದ್ದರೆ ಕಳಿಸುತ್ತಿದ್ದರೋ ಏನೋ. ಆದರೆ ಆ ಒಂದು ಮಾತಿನಿಂದ ಇಷ್ಟು ದಿನದ ಹೊಗಳಿಕೆಯೆಲ್ಲ ಸುಳ್ಳಾಗುತ್ತಿತ್ತು. ಅತ್ತೆ ಆ ಮನೆಯಲ್ಲಿ ತಲೆ ಎತ್ತಿ ಆಡಿದ ಮಾತು ನೆಲ ಕಚ್ಚುತ್ತಿತ್ತು. ಮಾವ ಅಂದೇ ಪುಸ್ತಕ ಕಟ್ಟಿಡು ಎಂದರೂ ಎನ್ನಬಹುದಿತ್ತು. ಅಟ್ಟಕ್ಕೇರಿಸಿದ್ದು ನಾನು, ಏಣಿ ಎಳೆಯುವುದು ಹೇಗೆ? ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ನನ್ನದು ಆಡಿ ಆಗಿತ್ತು.

"ಪಾಸಾಗತಾಳ್ರಿ," ಎಂದೆ.

ಒಣದ್ರಾಕ್ಷಿಯ ಪುಡಿಕೆ ಕಟ್ಟಿ ಕೈಗೆ ಕೊಟ್ಟರು. ಬಸ್ಸಿನಲ್ಲಿ ಕಿಟಕಿಯ ಬಳಿ ಕೂತು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ತೊರವಿ ದಾಟುವಷ್ಟರಲ್ಲಿ ಒಂದು ಸಮಾಧಾನವನ್ನೂ ಹೊಂದಿಸಿಕೊಂಡಿದ್ದೆ: ಇನ್ನೂ ದಿನಗಳಿವೆ, ಫೋನಿನಲ್ಲೇ ಸರಿ ಮಾಡುತ್ತೇನೆ.

ಆ ದಿನಗಳಲ್ಲಿ ನಾನು ಮಾಡಿದ್ದು ಚಿಹ್ನೆಯ ಪಾಠ. ಅವಳ ಹೆಸರು ತೆಗೆಯದೆ, ಎಲ್ಲರಿಗೂ ಪುನರಾವರ್ತನೆ ಎಂದು ಹೇಳಿ, ಪ್ಲಸ್ ಎಲ್ಲಿ ಮೈನಸ್ ಆಗುತ್ತದೆ, ಕೋಷ್ಟಕ ನೋಡುವಾಗ ಯಾವುದನ್ನು ತಿರುವಿ ಬರೆಯಬೇಕು ಎಂದು ಅರೆದು ಅರೆದು ಕುಡಿಸಿದೆ. ಬೇರೆ ಎಲ್ಲಿ ಕೈಹಾಕಬೇಕೋ ಗೊತ್ತಿಲ್ಲದಾಗ ಮನುಷ್ಯರು ಗೊ‌ತ್ತಿರುವ ಕಡೆಯೇ ಕೈಹಾಕುತ್ತಾರೆ. ಬಬಲೇಶ್ವರದವನು ಬೇಸತ್ತು, ಇದು ನಮಗೆ ಪಿ.ಯು.ಸಿ.ಯಲ್ಲೇ ಆಗಿದೆಯಲ್ಲ ಎಂದ. ಅವನನ್ನು ಸುಮ್ಮನೆ ಗದರಿದೆ. ತಿಕೋಟಾದವಳು ಕೇಳಿದ್ದಕ್ಕೆಲ್ಲ "ತಿಳೀತ್ರಿ" ಎಂದಳು.

ಪರೀಕ್ಷೆಗೆ ಅವಳನ್ನು ಗಂಡ ಗಾಡಿಯ ಮೇಲೆ ಕರೆತಂದು, ಮುಗಿದ ಕೂಡಲೇ ಕರೆದುಕೊಂಡು ಹೋದ. ನಮ್ಮ ಮನೆಗೆ ಬರಲಿಲ್ಲ. ಹೇಗಾಯಿತು ಎಂದು ಫೋನಿನಲ್ಲಿ ಕೇಳಿದರೆ, ಸ್ಪೀಕರಿನಲ್ಲೇ, "ಬರದೀನ್ರಿ" ಎಂದಳು. ಪ್ರಶ್ನೆಪತ್ರಿಕೆಯನ್ನು ಉಳಿದವರು ಕಳಿಸಿದ್ದರು. ಲಾಪ್ಲಾಸಿನ ಲೆಕ್ಕದ ಕಂಸಗಳಲ್ಲಿ ಒಂದೂ ಇರಲಿಲ್ಲ, ಎರಡೂ ಇರಲಿಲ್ಲ.

ಫಲಿತಾಂಶ ಬಂದಾಗ ಗುಂಪಿನಲ್ಲಿ ಎಲ್ಲರೂ ಪಾಸಾಗಿದ್ದರು, ಅವಳೊಬ್ಬಳನ್ನು ಬಿಟ್ಟು. ಅವಳೂ ಉಳಿದ ಎಲ್ಲದರಲ್ಲಿ ಪಾಸು, ಗಣಿತ ಮಾತ್ರ ಹೋಗಿತ್ತು. ಬಬಲೇಶ್ವರದ ಹುಡುಗ ಪೇಢೆ ತಂದುಕೊಟ್ಟ. ಅವನು ಮೆಟ್ಟಿಲಿಳಿದ ಮೇಲೆ ಅದನ್ನು ಕಾಗದದಲ್ಲಿ ಸುತ್ತಿಟ್ಟೆ.

ನಾನು ಮಾವನಿಗೇ ಫೋನು ಮಾಡಿದೆ. ಇದರಲ್ಲಿ ಹುಡುಗಿಯದೇನೂ ಇಲ್ಲ, ಫೋನಿನ ಪಾಠದ ದೋಷ, ಇನ್ನೊಂದು ಸಲ ಕೂಡಿಸಿ, ಈ ಸಲ ನನ್ನ ಕೋಣೆಗೆ ಕಳಿಸಿ, ಖಂಡಿತ ಆಗುತ್ತದೆ ಎಂದು ಬೇಡಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡರು. ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಜಗಳವಾಡಬಹುದಿತ್ತು.

"ಅಕ್ಕೋರ, ನಮ್ಮ ಮನ್ಯಾಗ ಕೂತು ಪಾಸಾಗತಾಳ ಅಂದ್ರಿ. ಈಗ ಮತ್ತ ಕೂಡಸ್ರಿ ಅಂತೀರಿ. ನಿಮ್ಮ ಯಾವ ಮಾತ ಹಿಡೀಲಿರಿ?"

ಬಿ.ಎಡ್.ನ ಮಾತು ಆ ಮನೆಯಲ್ಲಿ ಅಂದಿಗೆ ಮುಗಿಯಿತು.

ಅತ್ತೆ ಒಮ್ಮೆ ವಿಜಯಪುರಕ್ಕೆ ಬಂದವರು ಮಾಳಿಗೆ ಹತ್ತಿ ಬಂದರು. ಕೋಣೆಯಲ್ಲಿ ಮತ್ತೆ ಹುಡುಗರು ಬರಲು ಶುರುವಾಗಿತ್ತು, ಪಾಠ ಆಗಷ್ಟೇ ಮುಗಿದಿತ್ತು. ಬೈಯಲು ಬಂದಿದ್ದಾರೆ ಎಂದುಕೊಂಡು ನಾನು ತಯಾರಾಗಿ ಕೂತೆ. ಅವರು ಜಮಖಾನೆಯ ಅಂಚಿನಲ್ಲೇ ಕೂತು, ಬಹಳ ಹೊತ್ತು ಹಲಗೆ ನೋಡಿದರು.

"ಅವತ್ತ ಪೆನ್ನು ನಿಂತಾಗ ನನಗೂ ತಿಳೀತ್ರಿ," ಎಂದರು. "ಲೆಕ್ಕ ತಿಳೀಲಿಲ್ಲ, ಆಕೀ ಮಾರಿ ತಿಳೀತು. ನೀವು ಖರೇ ಹೇಳ್ತೀರಿ ಅಂತ ನಾ ಸುಮ್ಮನಾದ್ನಿ."

ನೀವು ಕಣ್ಣಲ್ಲೇ ಬೇಡ ಎಂದಿರಿ ಎಂದು ನಾನು ಸುಮ್ಮನಾದೆ ಎಂದೆ. ಅವರು ತಲೆ ಅಲ್ಲಾಡಿಸಿದರು. ಬೇಡ ಎಂದಿರಲಿಲ್ಲವಂತೆ, ಹೇಳಿ ಎಂದು ನೋಡಿದ್ದರಂತೆ. ಹೇಳಿದ್ದರೆ ಮನೆಯಲ್ಲಿ ಎರಡು ದಿನ ರಂಪವಾಗುತ್ತಿತ್ತು, ಊಟ ಬಿಟ್ಟಾದರೂ ಸೊಸೆಯನ್ನು ಕಳಿಸುತ್ತಿದ್ದೆ ಎಂದರು. ಹೌದೋ ಅಲ್ಲವೋ, ಆದದ್ದು ಆದ ಮೇಲೆ ಎಲ್ಲರಿಗೂ ಧೈರ್ಯ ಬರುತ್ತದೆ. ನನಗೂ ಬಂದಿತ್ತು. ಇಬ್ಬರೂ ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಾಯಲು ಹೋಗಿ, ಕಾಯಬೇಕಾದವಳನ್ನೇ ಬಿಟ್ಟುಕೊಟ್ಟಿದ್ದೆವು. ಹೋಗುವಾಗ ಅವರು ಎಂದಿನಂತೆ ನಮಸ್ಕಾರ ಮಾಡಿದರು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಒಣದ್ರಾಕ್ಷಿ ಹಂಗಾಮಿನಲ್ಲಿ, ಒಂದು ಮಧ್ಯಾಹ್ನ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಮೊದಲು ಗಾಳಿಯ ಸದ್ದು, ಶೆಡ್ಡಿನ ಬಲೆ ಬಡಿದುಕೊಳ್ಳುವ ಸದ್ದು. ಆಮೇಲೆ ಅವಳ ದನಿ. ಜೊತೆಗೆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳ ಫೋನು ಇಸಿದುಕೊಂಡಿದ್ದಳು. ಎಲ್ಲರೂ ಊಟಕ್ಕೆ ಹೋಗಿದ್ದಾರೆ, ಶೆಡ್ಡಿನಲ್ಲಿ ತಾನೊಬ್ಬಳೇ ಇದ್ದೇನೆ ಎಂದಳು. ಮತ್ತೆ ಪರೀಕ್ಷೆಗೆ ಕೂಡಲು ಒಪ್ಪಿದರೇನೋ ಎಂಬ ಆಸೆ ಹುಟ್ಟಿತು. ಕೇಳಿದೆ.

"ಪರೀಕ್ಷಾಕ್ಕಲ್ರಿ. ಅದೆಲ್ಲಾ ಆಗಿ ಹೋತ್ರಿ. ಒಂದ ಲೆಕ್ಕ ತಲ್ಯಾಗ ಕೂತ ಬಿಟ್ಟೈತ್ರಿ. ಮಣೂಕ ಆರಸೂವಾಗೆಲ್ಲಾ ಅದ ಬರತೈತಿ. ಕೇಳಲೇನ್ರಿ?"

ಕೇಳು ಎಂದೆ.

"ಎ, ಬಿ ತಗ್ಯಾಕ ಎಸ್ ಬದಲಿ ಮೊದಲ ಒಂದು ಹಾಕತೀವಲ್ರಿ, ಆಮ್ಯಾಲ ಎರಡು. ಒಂದ ಯಾಕ್ರಿ? ಎರಡ ಯಾಕ? ಪರೀಕ್ಷಾದಾಗ ಒಂದು ಹಾಕಿದ್ನಿ, ಎರಡೂ ಅಕ್ಷರ ಹಂಗ ಉಳದ್ವು. ಅಲ್ಲಿಗೇ ನಿಂತ್ನಿ."

ನಾನು ಫೋನಿನಲ್ಲಿ ಕೊಟ್ಟ ಲೆಕ್ಕಗಳೆಲ್ಲ ಒಂದು, ಎರಡರವೇ. ಮೊದಲು ಒಂದು ಹಾಕುವುದು, ಆಮೇಲೆ ಎರಡು ಹಾಕುವುದು, ಅದೇ ಪದ್ಧತಿ ಎಂದು ಅವಳು ತಿಳಿದುಕೊಂಡಿದ್ದಳು. ಹಾಗೆ ಮಾಡಿದ್ದು ಪ್ರತಿ ಸಲವೂ ಸರಿಯಾಗಿತ್ತು, ನಾನು ಪ್ರತಿ ಸಲವೂ ಸರಿ ಗುರುತು ಹಾಕಿದ್ದೆ. ಯಾಕೆ ಎಂಬ ಪ್ರಶ್ನೆ ಅವಳೊಳಗೆ ಮೊದಲ ದಿನದಿಂದಲೇ ಇತ್ತಂತೆ. ಮಾವ ಕೂತಿರುತ್ತಿದ್ದರು, ನೀವು ಶಾಣ್ಯಾಕಿ ಅಂದಿದ್ದಿರಿ, ಹೆಂಗ ಕೇಳೋದು ಎಂದಳು.

ಹಾಳೆ ಬೇಕಾಗಲಿಲ್ಲ. ಯಾವ ಅಂಕಿ ಹಾಕಿದರೆ ಒಂದು ಕಂಸ ಸೊನ್ನೆಯಾಗುತ್ತದೋ ಅದನ್ನು ಹಾಕುವುದು ಎಂದೆ. ಕಂಸ ಸೊನ್ನೆಯಾದರೆ ಅದರಿಂದ ಗುಣಿಸಿದ ಅಕ್ಷರ ಅಳಿದುಹೋಗುತ್ತದೆ, ಇನ್ನೊಂದು ಅಕ್ಷರ ಒಂಟಿಯಾಗಿ ಕೈಗೆ ಸಿಗುತ್ತದೆ. ಕಂಸದಲ್ಲಿ ಮೈನಸ್ ಎರಡಿದ್ದರೆ ಎರಡು, ಮೈನಸ್ ನಾಲ್ಕಿದ್ದರೆ ನಾಲ್ಕು, ಪ್ಲಸ್ ಮೂರಿದ್ದರೆ ಮೈನಸ್ ಮೂರು. ಒಂದಕ್ಕೂ ಎರಡಕ್ಕೂ ಬೇರೆ ಯಾವ ಮಹತ್ವವೂ ಇಲ್ಲ.

ಅವಳು ಬಾಯಲ್ಲೇ ಏನೋ ಲೆಕ್ಕ ಹಾಕಿಕೊಳ್ಳುವುದು ಕೇಳಿಸಿತು. ಮೈನಸ್ ಮೂರು, ಸೊನ್ನೆ, ಬಿ ಹೋತು, ಎ ಉಳೀತು.

"ಇಷ್ಟ ಏನ್ರಿ ಮೇಡಂ?" ಎಂದಳು.